ಮೊದಲು ಮುಂಗಡ, ಆಮೇಲೆ ಮುದ್ರಣ: ಬಿಸಿನೆಸ್ ಪುಸ್ತಕವನ್ನು ಕ್ರೌಡ್‌ಫಂಡಿಂಗ್‌ನಲ್ಲಿ ಪರೀಕ್ಷಿಸುವುದು ಹೇಗೆ

ನನ್ನ ಪುಸ್ತಕದ ಕ್ರೌಡ್‌ಫಂಡಿಂಗ್ ಕ್ಯಾಂಪೇನ್, ಅಂದರೆ ಅಚ್ಚಾಗುವ ಮೊದಲೇ ಆನ್‌ಲೈನ್‌ನಲ್ಲಿ ಓದುಗರಿಂದ ಹಣ ಕೂಡಿಸುವ ಕೆಲಸ, ಶುರುವಾಗಿ ಹನ್ನೊಂದನೇ ದಿನ. ಮುಂಗಡ ಕೊಟ್ಟವರ ಪಟ್ಟಿಯನ್ನು ಪ್ರಿಂಟ್ ತೆಗೆದು, ಪೆನ್ನು ಹಿಡಿದು ಕೂತೆ. ಒಟ್ಟು 61 ಹೆಸರು. ನನಗೆ ಮೊದಲೇ ಗೊತ್ತಿದ್ದವರ ಹೆಸರಿನ ಮುಂದೆ ಒಂದೊಂದು ಚುಕ್ಕೆ ಇಡುತ್ತಾ ಹೋದೆ. ನೆಂಟರು, ಹಳೆಯ ಸಹೋದ್ಯೋಗಿಗಳು, ನಾನು ಲೆಕ್ಕ ಬರೆದುಕೊಟ್ಟ ಸಂಸ್ಥೆಗಳವರು. ಕೊನೆಗೆ ಎಣಿಸಿದರೆ 54 ಚುಕ್ಕೆ. ನನ್ನ ಪರಿಚಯವೇ ಇಲ್ಲದೆ, ಪುಸ್ತಕ ಬೇಕು ಅಂತಲೇ ಹಣ ಕೊಟ್ಟವರು ಏಳೇ ಜನ.

ಆ ಏಳನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ನನ್ನ ಪುಸ್ತಕದ ಬಗ್ಗೆ ನನಗೆ ಸಿಕ್ಕ ಮೊದಲ ನಿಜವಾದ ಸುದ್ದಿ ಅದೇ ಆಗಿತ್ತು.

ಇಪ್ಪತ್ತು ವರ್ಷ ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಂಡು ಬಂದಿದ್ದೇನೆ. ಆ ಅನುಭವವನ್ನೆಲ್ಲ ಒಟ್ಟು ಮಾಡಿ ಸಣ್ಣ ಉದ್ಯಮದ ಹಣಕಾಸಿನ ಬಗ್ಗೆ ಒಂದು ಪುಸ್ತಕ ಬರೆಯುವ ಆಸೆ ಇತ್ತು. ಬಜೆಟ್, ಸಾಲ, ತೆರಿಗೆ, ಸಂಬಳ, ಬಾಕಿ ವಸೂಲಿ ಎಲ್ಲವೂ ಅದರಲ್ಲಿ ಇರಬೇಕಿತ್ತು. ಕೇಳಿದವರೆಲ್ಲ "ಒಳ್ಳೆ ಐಡಿಯಾ, ಖಂಡಿತ ಬರೀರಿ" ಅಂದಿದ್ದರು. 400 ಪ್ರತಿಯ ಬೆಲೆಯಷ್ಟು ಮೊತ್ತವನ್ನು ಗುರಿಯಾಗಿಟ್ಟೆ. ಕೊನೆಯ ದಿನದ ಹೊತ್ತಿಗೆ ಬಂದವರು 97 ಜನ, ಕೂಡಿದ್ದು ಗುರಿಯ 38%. ಗುರಿ ಮುಟ್ಟದಿದ್ದರೆ ಯಾರ ಹಣವೂ ಕಡಿತವಾಗದ ಪದ್ಧತಿ ಅದು. ಪುಸ್ತಕ ಅಚ್ಚಾಗಲಿಲ್ಲ.

ಹದಿನಾಲ್ಕು ತಿಂಗಳ ನಂತರ ಬೇರೆ ಪುಸ್ತಕ ಹಿಡಿದು ಮತ್ತೆ ಬಂದೆ. ಈ ಸಲ 331 ಜನ. ಅವರಲ್ಲಿ 208 ಮಂದಿ ಅಪರಿಚಿತರು. ಈ ಎರಡು ಕ್ಯಾಂಪೇನ್‌ಗಳ ನಡುವೆ ನಾನು ಏನು ಬದಲಾಯಿಸಿದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ನೀವೂ ಇಂಥ ಪುಸ್ತಕದ ಯೋಚನೆಯಲ್ಲಿದ್ದರೆ ನಿಮಗೆ ಆ ಹದಿನಾಲ್ಕು ತಿಂಗಳು ಉಳಿಯಬಹುದು.

ಹಳೆಯ ಪದ್ಧತಿಯೇ, ಆದರೆ ಲೆಕ್ಕ ಎಲ್ಲರ ಕಣ್ಣಿಗೆ ಕಾಣುತ್ತದೆ

ಪುಸ್ತಕ ಅಚ್ಚಾಗುವ ಮೊದಲೇ ಓದುಗರಿಂದ ಹಣ ತೆಗೆದುಕೊಳ್ಳುವುದು ಹೊಸದೇನಲ್ಲ. 18ನೇ ಶತಮಾನದ ಶುರುವಿನಲ್ಲಿ ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ತನ್ನ ಇಲಿಯಡ್ ಅನುವಾದವನ್ನು ಹೊರತಂದದ್ದು ಮುಂಗಡ ಚಂದಾದಾರರನ್ನು ನಂಬಿಕೊಂಡೇ. ಪ್ರಕಟಣಪೂರ್ವ ಬೆಲೆ ಅನ್ನುವ ಮಾತು ಪುಸ್ತಕ ಕೊಳ್ಳುವ ಎಲ್ಲರಿಗೂ ಗೊತ್ತು. ಕ್ರೌಡ್‌ಫಂಡಿಂಗ್ ಬಂದ ಮೇಲೆ ಅದಕ್ಕೆ ಒಂದು ಗುರಿ, ಒಂದು ಕೊನೆಯ ದಿನ, ಮತ್ತು ಇಲ್ಲಿಯವರೆಗೆ ಎಷ್ಟು ಬಂತು ಎಂದು ಎಲ್ಲರಿಗೂ ಕಾಣುವ ಲೆಕ್ಕ ಸೇರಿಕೊಂಡಿತು.

ಹೀಗೆ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್ ಶುರುವಾದದ್ದು 2009ರಲ್ಲಿ. ಅಲ್ಲಿ ಗುರಿ ಮುಟ್ಟಿದರೆ ಪೂರ್ತಿ ಹಣ, ಇಲ್ಲದಿದ್ದರೆ ಏನೂ ಇಲ್ಲ. ಕ್ಯಾಂಪೇನ್ ಗರಿಷ್ಠ 60 ದಿನ ಇರಬಹುದು. ಗೆದ್ದರೆ ಒಟ್ಟು ಮೊತ್ತದ 5% ಅವರಿಗೆ, ಅದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. ಅದಕ್ಕೂ ಒಂದು ವರ್ಷ ಮೊದಲು ಬಂದ ಇಂಡಿಗೋಗೋ ಬಂದಷ್ಟು ಹಣವನ್ನು ಇಟ್ಟುಕೊಳ್ಳುವ ಆಯ್ಕೆಯನ್ನೂ ಕೊಟ್ಟಿತು. ಪುಸ್ತಕವನ್ನು ಪರೀಕ್ಷೆ ಮಾಡುವ ಉದ್ದೇಶ ಇದ್ದರೆ ನನ್ನ ಸಲಹೆ ಒಂದೇ: ಗುರಿ ಮುಟ್ಟಿದರೆ ಮಾತ್ರ ಹಣ ಅನ್ನುವ ಪದ್ಧತಿಯನ್ನೇ ಆರಿಸಿ. ನನ್ನ ಮೊದಲ ಸಲ 38% ಹಣ ಕೈಗೆ ಬಂದಿದ್ದರೆ ಯಾರಿಗೂ ಬೇಡವಾದ ಪುಸ್ತಕವನ್ನು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಬೇಕಾಗುತ್ತಿತ್ತು.

ಬಿಸಿನೆಸ್ ಪುಸ್ತಕದವರು ಈ ದಾರಿಯನ್ನು ಚೆನ್ನಾಗಿಯೇ ಬಳಸಿದ್ದಾರೆ. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಮತ್ತು ಇವ್ ಪಿನ್ಯೂರ್ ತಮ್ಮ "ಬಿಸಿನೆಸ್ ಮಾಡೆಲ್ ಜನರೇಶನ್" ಬರೆಯುವಾಗ 45 ದೇಶಗಳ 470 ಮಂದಿಯನ್ನು ಸಹಭಾಗಿಗಳಾಗಿ ಸೇರಿಸಿಕೊಂಡರು. ಆ ಜನ ಶುಲ್ಕ ಕೊಟ್ಟು ಒಳಗೆ ಬಂದರು, ಕರಡು ಓದಿ ಅಭಿಪ್ರಾಯ ಹೇಳಿದರು. 2012ರಲ್ಲಿ ಸೇತ್ ಗೋಡಿನ್ 40,000 ಡಾಲರ್ ಗುರಿ ಇಟ್ಟು ಕಿಕ್‌ಸ್ಟಾರ್ಟರ್‌ಗೆ ಬಂದರು. ಬೇಡಿಕೆ ಇದೆ ಅಂತ ಪ್ರಕಾಶಕರಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಬಂದದ್ದು 2 ಲಕ್ಷ 87 ಸಾವಿರ ಡಾಲರಿಗೂ ಜಾಸ್ತಿ.

ನನಗೆ ತುಂಬ ಹಿಡಿಸಿದ್ದು 2015ರ ಎರಿಕ್ ರೀಸ್ ಅವರ ಕ್ಯಾಂಪೇನ್. ಅವರು ಒಂದು ಪುಸ್ತಕವನ್ನು ಆ ಕ್ಯಾಂಪೇನ್ ಮೂಲಕ ಮಾತ್ರ ಸಿಗುವ ಹಾಗೆ ಮಾಡಿದರು. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ 5 ಲಕ್ಷ 88 ಸಾವಿರ ಡಾಲರಿಗಿಂತ ಜಾಸ್ತಿ ಕೊಟ್ಟರು. ಆ ಓದುಗರು ಅದನ್ನು ತಮ್ಮ ಸಂಸ್ಥೆಗಳಲ್ಲಿ ಬಳಸಿ ನೋಡಿ ಹೇಳಿದ್ದೆಲ್ಲ ಸೇರಿ, 2017ರಲ್ಲಿ ಅವರ ಮುಂದಿನ ಪುಸ್ತಕ ಬಂತು. ಮೊದಲನೆಯದು ಪರೀಕ್ಷೆ, ಎರಡನೆಯದು ಉತ್ತರ.

ಇವರಿಗೆಲ್ಲ ಮೊದಲೇ ದೊಡ್ಡ ಓದುಗ ಬಳಗ ಇತ್ತು, ನಿಜ. ಅವರ ಮೊತ್ತವನ್ನು ನೋಡಿ ನಮ್ಮ ಗುರಿ ಇಟ್ಟುಕೊಳ್ಳಬಾರದು. ನಾವು ಕಲಿಯಬೇಕಾದದ್ದು ಅವರು ಅನುಸರಿಸಿದ ಕ್ರಮವನ್ನು. ಪೂರ್ತಿ ಬರೆದು ಮುಗಿಸುವ ಮೊದಲೇ ಓದುಗರ ಹತ್ತಿರ ಹೋದರು, ಹೋದಾಗ ಹಣವನ್ನೂ ಕೇಳಿದರು.

ಕ್ಯಾಂಪೇನ್‌ಗೂ ಮೊದಲಿನ ಕೆಲಸ

ಹೆಚ್ಚಿನ ಗೆಲುವು ಸೋಲು ನಿರ್ಧಾರವಾಗುವುದು ಇಲ್ಲಿಯೇ. ನಾನು ಮೊದಲ ಸಲ ಈ ಭಾಗಕ್ಕೆ ಎರಡು ವಾರ ಕೊಟ್ಟಿದ್ದೆ. ಎರಡನೇ ಸಲ ಏಳು ತಿಂಗಳು ಕೊಟ್ಟೆ.

ಸೋತ ಮೇಲೆ ಮಾಡಿದ ಮೊದಲ ಕೆಲಸ ಆ ಅಪರಿಚಿತರಿಗೆ ಪತ್ರ ಬರೆದದ್ದು. ಕೊನೆಯ ದಿನಕ್ಕೆ ಅವರು 19 ಜನ ಆಗಿದ್ದರು. "ನಿಮ್ಮ ಜೊತೆ ಇಪ್ಪತ್ತು ನಿಮಿಷ ಮಾತಾಡಬಹುದಾ?" ಅಂತ ಕೇಳಿದೆ. ಹನ್ನೆರಡು ಮಂದಿ ಒಪ್ಪಿದರು. ಅವರಲ್ಲಿ ಒಬ್ಬರು ಲಿಫ್ಟ್ ರಿಪೇರಿ ಮಾಡುವ ಸಣ್ಣ ಸಂಸ್ಥೆ ನಡೆಸುವ ಮಹಿಳೆ. ಪುಸ್ತಕದಲ್ಲಿ ಯಾವ ಅಧ್ಯಾಯ ಬೇಕಾಗಿತ್ತು ಮೇಡಂ ಅಂದೆ. "ನಿಜ ಹೇಳ್ಲಾ? ಬಾಕಿ ವಸೂಲಿಯ ಆರನೇ ಅಧ್ಯಾಯ ಒಂದೇ. ಉಳಿದದ್ದಕ್ಕೆ ನನ್ನ ಲೆಕ್ಕಿಗರು ಇದ್ದಾರೆ" ಅಂದರು.

ಆಮೇಲೆ ಅವರು ತಾವಾಗಿಯೇ ಹೇಳಿದ ಸಂಗತಿ ನನ್ನ ಪುಸ್ತಕವನ್ನೇ ಬದಲಾಯಿಸಿತು. ಒಬ್ಬ ಗಿರಾಕಿಯಿಂದ ಏಳು ತಿಂಗಳಿಂದ ಹಣ ಬಂದಿರಲಿಲ್ಲ. ಅವನಿಗೆ ಕಳಿಸಬೇಕು ಅಂತ ಒಂದು ಮೆಸೇಜ್ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ, ಹೀಗೆ ನಾಲ್ಕು ಸಲ ಆಗಿತ್ತಂತೆ. ಜೋರಾಗಿ ಬರೆದರೆ ಗಿರಾಕಿ ಕೈತಪ್ಪುತ್ತಾನೆ, ಮೆತ್ತಗೆ ಬರೆದರೆ ಹಣ ಬರುವುದಿಲ್ಲ. ಕೊನೆಯ ಸಲ ಬರೆದದ್ದು ಡ್ರಾಫ್ಟ್‌ನಲ್ಲೇ ಉಳಿದಿತ್ತು. ಅದನ್ನು ಫೋನಿನಲ್ಲೇ ನನಗೆ ಓದಿ ಹೇಳಿದರು. "ಸರ್ ನಮಸ್ಕಾರ, ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ" ಅಂತ ಶುರುವಾಗಿತ್ತು. ತನಗೆ ಬರಬೇಕಾದ ಹಣ ಕೇಳುವುದಕ್ಕೆ ಕ್ಷಮೆ! ಹನ್ನೆರಡು ಮಂದಿಯಲ್ಲಿ ಒಂಬತ್ತು ಮಂದಿ ಇದೇ ಮಾತನ್ನು ಬೇರೆ ಬೇರೆ ಥರ ಹೇಳಿದರು. ಹೊಸ ಪುಸ್ತಕ ಯಾವುದು ಅಂತ ನಾನು ಯೋಚಿಸಬೇಕಾಗಿಯೇ ಬರಲಿಲ್ಲ.

ಹಾಗಾಗಿ ನೀವೂ ಮೊದಲು ಮಾತಾಡಿ. ಇಪ್ಪತ್ತು ಜನರ ಹತ್ತಿರವಾದರೂ. ಮಾತಾಡುವಾಗ "ಇಂಥ ಪುಸ್ತಕ ಬಂದರೆ ಕೊಳ್ಳುತ್ತೀರಾ?" ಅಂತ ಮಾತ್ರ ಕೇಳಬೇಡಿ. ಮುಖ ನೋಡಿಕೊಂಡು ಇಲ್ಲ ಅನ್ನುವುದು ಯಾರಿಗೂ ಕಷ್ಟವೇ, ಅಲ್ವಾ? ನಡೆದು ಹೋದದ್ದನ್ನು ಕೇಳಿ. ಈ ಸಮಸ್ಯೆ ಕೊನೆಯ ಸಲ ಯಾವಾಗ ಬಂತು? ಆಗ ಏನು ಮಾಡಿದಿರಿ? ಅದಕ್ಕೆ ಎಲ್ಲಾದರೂ ದುಡ್ಡು ಖರ್ಚು ಮಾಡಿದಿರಾ? ಒಮ್ಮೆಯೂ ದುಡ್ಡು, ಸಮಯ ಯಾವುದನ್ನೂ ಖರ್ಚು ಮಾಡದ ಸಮಸ್ಯೆಗೆ ಜನ ಪುಸ್ತಕ ಕೊಳ್ಳುವುದಿಲ್ಲ.

ಇದಾದ ಮೇಲೆ ಪುಸ್ತಕ ಯಾರಿಗೆ, ಅವರ ಯಾವ ಕಷ್ಟಕ್ಕೆ ಅನ್ನುವುದನ್ನು ಒಂದೇ ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ. ನನ್ನದು ಹೀಗಿತ್ತು: "ಹತ್ತು ಜನಕ್ಕಿಂತ ಕಮ್ಮಿ ಇರುವ ಸಂಸ್ಥೆಯವರು, ಗಿರಾಕಿಯನ್ನು ಕಳೆದುಕೊಳ್ಳದೆ ಬಾಕಿ ಹಣ ಕೇಳಿ ಪಡೆಯುವುದು." ಮೊದಲ ಪುಸ್ತಕಕ್ಕೆ ಇಂಥ ಸಾಲು ಬರೆಯಲು ಕೂತಿದ್ದರೆ ಅದು ಅರ್ಧ ಪುಟ ಆಗುತ್ತಿತ್ತು.

ನಂತರ ಒಂದು ಅಧ್ಯಾಯವನ್ನು ಪೂರ್ತಿ ಬರೆದು ಉಚಿತವಾಗಿ ಕೊಡಿ, ಬೇಕಾದವರು ಇಮೇಲ್ ವಿಳಾಸ ಕೊಟ್ಟು ತೆಗೆದುಕೊಳ್ಳಲಿ. ಏಳು ತಿಂಗಳಲ್ಲಿ ನನಗೆ ಹೀಗೆ 640 ವಿಳಾಸ ಸಿಕ್ಕಿತು. ಈ ಪಟ್ಟಿಯ ಮೇಲೆ ಹೆಸರಿನ ಪರೀಕ್ಷೆಯನ್ನೂ ಮಾಡಿದೆ. ಅರ್ಧ ಜನಕ್ಕೆ ಎರಡನೇ ಅಧ್ಯಾಯವನ್ನು "ಸಣ್ಣ ಸಂಸ್ಥೆಯ ನಗದು ಹರಿವು" ಎಂಬ ಹೆಸರಿನಲ್ಲಿ ಕಳಿಸಿದೆ, ಉಳಿದ ಅರ್ಧಕ್ಕೆ "ಬಿಲ್ ಕೊಟ್ಟಾಯಿತು, ಹಣ ಯಾವಾಗ?" ಅಂತ. ಒಳಗಿನ ಅಕ್ಷರ ಒಂದೂ ಬದಲಾಗಿರಲಿಲ್ಲ. ಮೊದಲನೆಯದನ್ನು 41 ಜನ ಡೌನ್‌ಲೋಡ್ ಮಾಡಿದರು, ಎರಡನೆಯದನ್ನು 118 ಜನ. ನನಗೆ ಇಷ್ಟ ಇದ್ದದ್ದು ಮೊದಲನೆಯ ಹೆಸರು. ಬಿಟ್ಟುಬಿಟ್ಟೆ.

ಗುರಿಯ ಲೆಕ್ಕ ಮುದ್ರಕರಿಂದ ಶುರುವಾಗಲಿ

"ಇಷ್ಟು ಬಂದರೆ ಚೆನ್ನಾಗಿರುತ್ತೆ" ಅಂತ ಗುರಿ ಇಡಬಾರದು. ಪುಸ್ತಕವನ್ನು ಕೈಗೆ ತಲುಪಿಸಲು ಎಷ್ಟು ಬೇಕೋ ಅಷ್ಟು ಇಡಬೇಕು. ಅದಕ್ಕೆ ಮೊದಲು ಪುಸ್ತಕದ ಗಾತ್ರ ಗೊತ್ತಿರಬೇಕು. ದೊಡ್ಡ ಹಾಳೆಯ ಮೇಲೆ ಸಾಮಾನ್ಯವಾಗಿ 16 ಪುಟ ಒಟ್ಟಿಗೆ ಅಚ್ಚಾಗಿ ಮಡಚಿಕೊಳ್ಳುತ್ತವೆ, ಅದನ್ನು ಒಂದು ಫಾರಂ ಅನ್ನುತ್ತಾರೆ. 13 ಫಾರಂ ಆದರೆ 208 ಪುಟ. ನೀವು 211 ಪುಟ ಬರೆದರೆ ಮೂರು ಪುಟಕ್ಕೆ ಇನ್ನೊಂದು ಫಾರಂ ಬೇಕು, ಇಲ್ಲವೇ ಅರ್ಧ ಫಾರಂ. ಬರೆದದ್ದನ್ನು ಸ್ವಲ್ಪ ಬಿಗಿ ಮಾಡುವುದು ಎಷ್ಟೋ ವಾಸಿ.

ತೂಕವನ್ನೂ ಮೊದಲೇ ಲೆಕ್ಕ ಹಾಕಬಹುದು. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಎ5 ಅದರ ಅರ್ಧ, ಅಂದರೆ ಎರಡೂವರೆ ಗ್ರಾಂ. 208 ಪುಟ ಅಂದರೆ 104 ಹಾಳೆ, 260 ಗ್ರಾಂ. ರಕ್ಷಾಪುಟ, ಲಕೋಟೆ, ಒಳಗಿನ ರಟ್ಟು ಸೇರಿದರೆ 300 ಗ್ರಾಂ ದಾಟುತ್ತದೆ. ಅಂಚೆ ದರ ತೂಕದ ಹಂತದ ಮೇಲೆ ನಿಂತಿರುತ್ತದೆ. ಇಪ್ಪತ್ತು ಗ್ರಾಂ ಜಾಸ್ತಿಯಾಗಿ ಮುಂದಿನ ಹಂತಕ್ಕೆ ಹೋದರೆ ಪ್ರತಿ ಪುಸ್ತಕದಲ್ಲೂ ನಷ್ಟ. ಒಂದು ಹಳೆಯ ಪುಸ್ತಕವನ್ನು ಅಷ್ಟೇ ಗಾತ್ರದಲ್ಲಿ ಪ್ಯಾಕ್ ಮಾಡಿ, ತೂಕ ಹಾಕಿಸಿ, ದರ ಕೇಳಿಕೊಂಡು ಬನ್ನಿ. ಬೇರೆ ದೇಶಕ್ಕೆ ಕಳಿಸುವ ದರವನ್ನೂ ಕೇಳಿ. ಎಷ್ಟೋ ಸಲ ಅದು ಪುಸ್ತಕದ ಬೆಲೆಯನ್ನೇ ಮೀರಿಸುತ್ತದೆ. ಹಾಗಿದ್ದರೆ ಹೊರದೇಶದವರಿಗೆ ಇ-ಬುಕ್ ಮಾತ್ರ ಕೊಡುವುದು ಒಳ್ಳೆಯದು.

ಈಗ ಬೆಲೆಯನ್ನು 100 ಅಂದುಕೊಳ್ಳೋಣ. ನನ್ನ ಎರಡನೇ ಕ್ಯಾಂಪೇನಿನ ಲೆಕ್ಕ ಇದು. ಪ್ಲಾಟ್‌ಫಾರ್ಮಿಗೆ 5, ಪಾವತಿ ಶುಲ್ಕಕ್ಕೆ 5 ಅಂತಲೇ ಇಟ್ಟೆ, ಸ್ವಲ್ಪ ಕಮ್ಮಿಯಾದರೆ ಒಳ್ಳೆಯದೇ. ಮುದ್ರಣ 30. ಅಂಚೆ ಮತ್ತು ಪ್ಯಾಕಿಂಗ್ 18. ಒಟ್ಟು 58 ಹೋಯಿತು, ಉಳಿದದ್ದು 42. ಸಂಪಾದಕರು, ಪುಟವಿನ್ಯಾಸ, ಮುಖಪುಟ, ಪ್ರೂಫ್ ನೋಡುವವರು, ಇವರಿಗೆಲ್ಲ ಸೇರಿ ಇದೇ ಅಳತೆಯಲ್ಲಿ 8,000 ಬೇಕಿತ್ತು. ಎಷ್ಟು ಪ್ರತಿ ಹೋದರೂ ಈ ಖರ್ಚು ಬದಲಾಗುವುದಿಲ್ಲ. 8,000ವನ್ನು 42ರಿಂದ ಭಾಗಿಸಿದರೆ 191 ಪ್ರತಿ. ಹಣ ಬಾರದ ಕಾರ್ಡುಗಳು, ದಾರಿಯಲ್ಲಿ ಹಾಳಾಗುವ ಪ್ರತಿಗಳು ಇವಕ್ಕೆ 15% ಸೇರಿಸಿ ಗುರಿಯನ್ನು 220 ಪ್ರತಿಯ ಬೆಲೆಗೆ ನಿಲ್ಲಿಸಿದೆ. ಮೊದಲ ಸಲದ 400 ಎಲ್ಲಿಂದ ಬಂದಿತ್ತು ಅಂತ ಈಗ ಯೋಚಿಸಿದರೆ, ಆ ಸಂಖ್ಯೆ ಸುಮ್ನೆ ಚೆನ್ನಾಗಿ ಕಂಡಿತ್ತು, ಅಷ್ಟೇ.

ತೆರಿಗೆಯ ವಿಚಾರವನ್ನು ನಿಮ್ಮ ಲೆಕ್ಕಿಗರ ಹತ್ತಿರ ಮೊದಲೇ ಮಾತಾಡಿ. ಬಂದ ಹಣ ದಾನವಲ್ಲ, ಮಾರಾಟದ ಮುಂಗಡ. ಇನ್ನೊಂದು ಮಾತು: ಎಲ್ಲ ದೇಶದವರಿಗೂ ಎಲ್ಲ ಪ್ಲಾಟ್‌ಫಾರ್ಮಿನಲ್ಲೂ ಕ್ಯಾಂಪೇನ್ ಮಾಡಲು ಆಗುವುದಿಲ್ಲ. ನಿಮ್ಮ ದೇಶದ ಬ್ಯಾಂಕ್ ಖಾತೆಯನ್ನು ಅವರು ಒಪ್ಪುತ್ತಾರಾ ಅನ್ನುವುದನ್ನು ಮೊದಲ ದಿನವೇ ನೋಡಿಕೊಳ್ಳಿ. ಗೆದ್ದ ಮೇಲೆ ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಅನ್ನುವುದೂ ಮುಖ್ಯ. ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು ಎರಡು ವಾರ. ಪುಸ್ತಕಗಳಿಗೇ ಮೀಸಲಾಗಿದ್ದ, 2011ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಅನ್‌ಬೌಂಡ್ ಸಂಸ್ಥೆ 2025ರಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋದಾಗ ಲೇಖಕರೂ ಓದುಗರೂ ಪೇಚಿಗೆ ಸಿಕ್ಕಿದರು. ನಿಮ್ಮ ಹಣ ಬೇರೆಯವರ ಹತ್ತಿರ ಎಷ್ಟು ಕಮ್ಮಿ ದಿನ ಇರುತ್ತದೋ ಅಷ್ಟು ಒಳ್ಳೆಯದು.

ಏನು ಕೊಡುತ್ತೀರಿ

ಹಣ ಕೊಟ್ಟವರಿಗೆ ಪ್ರತಿಯಾಗಿ ಕೊಡುವುದನ್ನು ರಿವಾರ್ಡ್ ಅನ್ನುತ್ತಾರೆ. ಮೊದಲ ಸಲ ಒಂಬತ್ತು ಬಗೆಯ ರಿವಾರ್ಡ್ ಇಟ್ಟಿದ್ದೆ. ಪೆನ್ನು, ಮಗ್ಗು, ಸಹಿ ಮಾಡಿದ ಪ್ರತಿ, ಏನೇನೋ. ಮಗ್ಗು ಬೇಕು ಅಂತ ಬಿಸಿನೆಸ್ ಪುಸ್ತಕಕ್ಕೆ ಯಾರೂ ಬರುವುದಿಲ್ಲ, ಮತ್ತು ಮಗ್ಗು ಒಡೆಯುತ್ತದೆ. ಎರಡನೇ ಸಲ ನಾಲ್ಕೇ ಇಟ್ಟೆ. ಇ-ಬುಕ್, ಮುದ್ರಿತ ಪುಸ್ತಕ, ತಂಡಕ್ಕೆ ಹತ್ತು ಪ್ರತಿ, ಮತ್ತು ಮೊದಲ ಓದುಗರ ಗುಂಪು.

ತಂಡದ ಪ್ಯಾಕ್ ಬಗ್ಗೆ ಒತ್ತಿ ಹೇಳಬೇಕು. ಕಾದಂಬರಿಯನ್ನು ಒಬ್ಬರು ಒಂದು ಕೊಳ್ಳುತ್ತಾರೆ. ಬಿಸಿನೆಸ್ ಪುಸ್ತಕವನ್ನು ಒಂದು ಸಂಸ್ಥೆ ತನ್ನವರಿಗೆಲ್ಲ ಕೊಡಿಸಬಹುದು. ಒಂಬತ್ತು ಪ್ರತಿಯ ಬೆಲೆಗೆ ಹತ್ತು ಅಂತ ಇಟ್ಟೆ. 331 ಜನರಲ್ಲಿ ಇದನ್ನು ತೆಗೆದುಕೊಂಡವರು 23 ಜನ ಮಾತ್ರ. ಆದರೆ ಬಂದ ಹಣದಲ್ಲಿ ಸುಮಾರು 45% ಅವರದೇ. ಒಂಟಿ ಪುಸ್ತಕ ತೆಗೆದುಕೊಂಡವರು 212, ಇ-ಬುಕ್ ಮಾತ್ರ ಸಾಕು ಅಂದವರು 96. ಆ 23 ಮಂದಿ ಯಾರು ಅಂತ ನೋಡಿದರೆ ಹೆಚ್ಚಿನವರು ವ್ಯಾಪಾರಿ ಸಂಘಗಳ ಪದಾಧಿಕಾರಿಗಳು, ಲೆಕ್ಕಪತ್ರ ಸಂಸ್ಥೆಯವರು, ತರಬೇತಿ ಕೊಡುವವರು. ನನ್ನ ಪುಸ್ತಕಕ್ಕೆ ಇಂಥ ಓದುಗರು ಇದ್ದಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಪರೀಕ್ಷೆ ಅಂದರೆ ಇದೇ ನೋಡಿ. ಹೌದು ಇಲ್ಲ ಅನ್ನುವುದರ ಜೊತೆಗೆ, ಯಾರಿಗೆ ಬೇಕು ಅನ್ನುವುದೂ ತಿಳಿಯುತ್ತದೆ.

ಮೊದಲ ಓದುಗರ ಗುಂಪಿಗೆ 40 ಜಾಗ ಮಾತ್ರ ಇಟ್ಟಿದ್ದೆ. ಮುದ್ರಿತ ಪುಸ್ತಕದ ಬೆಲೆಯೇ, ಒಂದು ಪೈಸೆಯೂ ಹೆಚ್ಚು ಕೇಳಲಿಲ್ಲ. ಅವರು ಕರಡು ಓದಿ, ತಮ್ಮ ಗಿರಾಕಿಗಳ ಮೇಲೆ ಬಳಸಿ, ಏನಾಯಿತು ಅಂತ ಹೇಳಬೇಕು. ಒಂಬತ್ತನೇ ದಿನಕ್ಕೆ 40 ಜಾಗವೂ ತುಂಬಿತು. ಪುಸ್ತಕದ ಲಾಭದಲ್ಲಿ ಪಾಲು ಕೊಡುತ್ತೇನೆ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಕಿಕ್‌ಸ್ಟಾರ್ಟರ್‌ನಂಥ ಕಡೆ ಅದಕ್ಕೆ ಅವಕಾಶವಿಲ್ಲ, ಮತ್ತು ಅದು ಹೂಡಿಕೆಯ ಕಾನೂನಿನ ಒಳಗೆ ಹೋಗುತ್ತದೆ.

ಕ್ಯಾಂಪೇನ್ ಪುಟದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೊದಲ ಎರಡು ಸಾಲಿನಲ್ಲಿ ಓದುಗರ ಕಷ್ಟ ಇರಲಿ, ನಿಮ್ಮ ಪರಿಚಯ ಕೆಳಗೆ ಬರಲಿ. ಒಂದೂವರೆ ನಿಮಿಷದ ವಿಡಿಯೋ ಸಾಕು, ಫೋನಿನಲ್ಲೇ ತೆಗೆಯಬಹುದು, ಆದರೆ ಧ್ವನಿ ಸ್ಪಷ್ಟವಾಗಿ ಕೇಳಬೇಕು. ಪರಿವಿಡಿ ಹಾಕಿ. ಪೂರ್ತಿ ಒಂದು ಅಧ್ಯಾಯ ಹಾಕಿ. ಪುಸ್ತಕ ಯಾವ ತಿಂಗಳು ಕೈಗೆ ಬರುತ್ತದೆ ಅಂತ ಬರೆಯಿರಿ, ನಿಮಗೆ ಅನ್ನಿಸಿದ ತಿಂಗಳಿಗೆ ಮೂರು ಸೇರಿಸಿ.

ಮೂವತ್ತು ದಿನ

60 ದಿನಕ್ಕೆ ಅವಕಾಶ ಇದ್ದರೂ 30 ಸಾಕು. ಉದ್ದ ಇದ್ದಷ್ಟೂ ಜನ "ನಾಳೆ ನೋಡೋಣ" ಅನ್ನುತ್ತಾರೆ. ಶುರುವಿನ ಎರಡು ದಿನ ಮತ್ತು ಕೊನೆಯ ಮೂರು ದಿನ ಹಣ ಬರುತ್ತದೆ, ನಡುವೆ ಒಣಗುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ಗಾಬರಿ ಬೇಡ.

ಮೊದಲ ಎರಡು ದಿನವನ್ನು ಇಮೇಲ್ ಪಟ್ಟಿ ತುಂಬಿಕೊಡಬೇಕು. ನನ್ನ 640 ವಿಳಾಸಗಳಲ್ಲಿ 71 ಮಂದಿ ಮೊದಲ ಎರಡು ದಿನದಲ್ಲೇ ಹಣ ಕೊಟ್ಟರು. ಅಂದರೆ ಸುಮಾರು 11%. ಗುರಿಯ ಐದನೇ ಒಂದು ಭಾಗ ದಾಟಿದ ಕ್ಯಾಂಪೇನ್‌ಗಳು ಹೆಚ್ಚಿನವು ಗೆಲ್ಲುತ್ತವೆ ಎಂದು ಕಿಕ್‌ಸ್ಟಾರ್ಟರ್‌ನ ಅಂಕಿಗಳೇ ಹೇಳುತ್ತವೆ. ಖಾಲಿ ಪುಟಕ್ಕೆ ಮೊದಲು ಹಣ ಹಾಕಲು ಅಪರಿಚಿತರು ಹಿಂಜರಿಯುತ್ತಾರೆ, ಅದು ಸಹಜವೇ.

ನಡುವಿನ ದಿನಗಳಲ್ಲಿ "ದಯವಿಟ್ಟು ಬೆಂಬಲಿಸಿ" ಅಂತ ದಿನಾ ಬರೆದರೆ ಜನ ಬೇಸತ್ತು ಹೋಗುತ್ತಾರೆ. ನಾನು ನಾಲ್ಕು ದಿನಕ್ಕೊಮ್ಮೆ ಪುಸ್ತಕದಿಂದ ಒಂದು ಉಪಯೋಗದ ಸಂಗತಿ ಕೊಟ್ಟೆ. ಬಾಕಿ ನೆನಪಿಸುವ ಮೊದಲ ಪತ್ರದಲ್ಲಿ ಏನಿರಬೇಕು, ಬಿಲ್ ಕಳಿಸಿದ ಮೂರನೇ ದಿನ ಯಾಕೆ ಒಂದು ಫೋನ್ ಮಾಡಬೇಕು, ಇಂಥವು. ಪ್ರತಿ ಕಡೆಗೂ ಬೇರೆ ಬೇರೆ ಲಿಂಕ್ ಕೊಟ್ಟಿದ್ದೆ. ಯಾವ ಬರಹದಿಂದ ಎಷ್ಟು ಜನ ಬಂದರು ಅಂತ ಇದರಿಂದ ತಿಳಿಯಿತು.

ಪ್ರತಿ ರಾತ್ರಿ ಆ ಚುಕ್ಕೆಯ ಕೆಲಸವನ್ನು ಬಿಡದೆ ಮಾಡಿದೆ. ಪರಿಚಿತರು ಎಷ್ಟು, ಅಪರಿಚಿತರು ಎಷ್ಟು. ಕ್ಯಾಂಪೇನ್ ಶುರುವಾಗುವ ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟಿದ್ದೆ: "ಗುರಿ ಮುಟ್ಟಿದರೂ ಅಪರಿಚಿತರು 100 ದಾಟದಿದ್ದರೆ ಪುಸ್ತಕವನ್ನು ಇ-ಬುಕ್ ಆಗಿ ಮಾತ್ರ ಕೊಡುತ್ತೇನೆ, ಮುದ್ರಣಕ್ಕೆ ಕೊಟ್ಟವರಿಗೆ ಹಣ ವಾಪಸ್." ಈ ಷರತ್ತನ್ನು ಪುಟದಲ್ಲೂ ಎಲ್ಲರಿಗೂ ಕಾಣುವಂತೆ ಹಾಕಿದ್ದೆ. ಇಂಥ ಗೆರೆಯನ್ನು ಮೊದಲೇ ಎಳೆದಿಟ್ಟುಕೊಳ್ಳಿ. ಅಂಕಿಗಳು ಬರಲು ಶುರುವಾದ ಮೇಲೆ ಮನಸ್ಸು ಅವಕ್ಕೆಲ್ಲ ಒಳ್ಳೆಯ ಅರ್ಥವನ್ನೇ ಹುಡುಕುತ್ತದೆ.

ಗೆದ್ದ ಮೇಲಿನ ಕೆಲಸ

ಕ್ಯಾಂಪೇನ್ ಮುಗಿದ ದಿನ ಒಂದಷ್ಟು ಕಾರ್ಡುಗಳಿಂದ ಹಣ ಬರುವುದಿಲ್ಲ. ಅವಧಿ ಮುಗಿದಿರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ. ಸರಿಪಡಿಸಿಕೊಳ್ಳಲು ಅವರಿಗೆ ಕೆಲವು ದಿನ ಸಿಗುತ್ತದೆ. ನಯವಾಗಿ ಒಂದು ಸಾಲು ಬರೆದು ನೆನಪಿಸಿ. ವಿಳಾಸಗಳನ್ನು ಆಗಲೇ ಕೇಳಬೇಡಿ, ಪುಸ್ತಕ ಅಚ್ಚಿಗೆ ಹೋದಾಗ ಕೇಳಿ. ತಿಂಗಳುಗಟ್ಟಲೆ ಮೊದಲು ಕೇಳಿದರೆ ಅಷ್ಟರಲ್ಲಿ ಮನೆ ಬದಲಾಯಿಸಿರುತ್ತಾರೆ.

ಮೊದಲ ಓದುಗರ 40 ಜನಕ್ಕೆ ವಾರಕ್ಕೊಂದು ಅಧ್ಯಾಯ ಕಳಿಸಿದೆ. 29 ಮಂದಿ ನಿಜವಾಗಿ ಓದಿ ಬರೆದರು. ಎಲ್ಲರಿಗೂ ಎರಡೇ ಪ್ರಶ್ನೆ. ಎಲ್ಲಿ ಓದು ನಿಲ್ಲಿಸಿದಿರಿ? ಯಾವುದನ್ನು ಮಾರನೇ ದಿನವೇ ಮಾಡಿ ನೋಡಿದಿರಿ? ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ನಾಲ್ಕನೇ ಅಧ್ಯಾಯ ಕಾನೂನು ನೋಟಿಸ್ ಬಗ್ಗೆ, 31 ಪುಟ, ನಾನು ತುಂಬ ಕಷ್ಟಪಟ್ಟು ಬರೆದದ್ದು. 17 ಮಂದಿ ಅಲ್ಲೇ ನಿಂತಿದ್ದರು. ಒಬ್ಬರು ಬರೆದಿದ್ದರು: "ನೋಟಿಸ್ ಕಳಿಸೋ ಹಂತಕ್ಕೆ ಬಂದ್ರೆ ನಾನು ವಕೀಲರ ಹತ್ರ ಹೋಗ್ತೀನಿ. ಆ ಹಂತಕ್ಕೆ ಹೋಗದೆ ಇರೋದು ಹೇಗೆ ಅಂತ ಹೇಳಿ." ಅಧ್ಯಾಯ 9 ಪುಟಕ್ಕೆ ಇಳಿಯಿತು. ಉಳಿದ ಜಾಗದಲ್ಲಿ ಕೆಲಸ ಒಪ್ಪಿಕೊಳ್ಳುವ ದಿನವೇ ಹಣದ ಮಾತು ಮುಗಿಸಿಕೊಳ್ಳುವುದು ಹೇಗೆ ಅನ್ನುವ ಹೊಸ ಅಧ್ಯಾಯ ಬಂತು. ಇವತ್ತಿಗೂ ಜನ ನನಗೆ ಬರೆಯುವುದು ಆ ಹೊಸ ಅಧ್ಯಾಯದ ಬಗ್ಗೆಯೇ.

ತಡ ಆಗುತ್ತದೆ. ಈಥನ್ ಮಾಲಿಕ್ ಎಂಬ ಸಂಶೋಧಕರು ಕಿಕ್‌ಸ್ಟಾರ್ಟರ್‌ನ ವಿನ್ಯಾಸ ಮತ್ತು ತಂತ್ರಜ್ಞಾನದ ಯೋಜನೆಗಳನ್ನು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಯೋಜನೆಗಳು ಹೇಳಿದ ಸಮಯಕ್ಕೆ ತಲುಪಿಸಿರಲಿಲ್ಲ. ಅವರದೇ 2015ರ ಇನ್ನೊಂದು ಸಮೀಕ್ಷೆಯಲ್ಲಿ, ಗೆದ್ದ ಯೋಜನೆಗಳಲ್ಲಿ ಸುಮಾರು 9% ಕೊನೆಗೂ ಕೊಡಲೇ ಇಲ್ಲ. ನನ್ನ ಪುಸ್ತಕವೂ ಏಳು ವಾರ ತಡವಾಯಿತು. ಮುದ್ರಕರ ಹತ್ತಿರ ಮುಖಪುಟದ ಬಣ್ಣ ಎರಡು ಸಲ ತಪ್ಪಾಗಿ ಬಂತು. ತಡ ಆಗುತ್ತೆ ಅಂತ ಗೊತ್ತಾದ ದಿನವೇ ಎಲ್ಲರಿಗೂ ಬರೆದೆ, ತಪ್ಪು ಬಣ್ಣದ ಹಾಳೆಯ ಫೋಟೋ ಸಮೇತ. 331 ಜನರಲ್ಲಿ ಒಬ್ಬರೂ ಹಣ ವಾಪಸ್ ಕೇಳಲಿಲ್ಲ. ಜನ ತಡವನ್ನು ತಡೆದುಕೊಳ್ಳುತ್ತಾರೆ, ಮೌನವನ್ನು ತಡೆದುಕೊಳ್ಳುವುದಿಲ್ಲ.

ಪ್ಯಾಕಿಂಗ್‌ಗೆ ಒಂದು ಪರೀಕ್ಷೆ ಮಾಡಿ. ಪುಸ್ತಕವನ್ನು ಕಳಿಸುವ ಹಾಗೇ ಪ್ಯಾಕ್ ಮಾಡಿ, ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ, ಮೂಲೆ ಕೆಳಗೆ ಬರುವ ಹಾಗೆ. ನಾನು ಬಿಟ್ಟಾಗ ಬರೀ ಲಕೋಟೆಯಲ್ಲಿದ್ದ ಪುಸ್ತಕದ ಮೂಲೆ ಮಡಚಿ, ಹದಿನೈದು ಇಪ್ಪತ್ತು ಹಾಳೆಗಳ ತುದಿ ಸುಕ್ಕಾಯಿತು. ಪುಸ್ತಕಕ್ಕಿಂತ ಅರ್ಧ ಇಂಚು ದೊಡ್ಡದಾದ ಎರಡು ರಟ್ಟಿನ ನಡುವೆ ಇಟ್ಟಾಗ ರಟ್ಟು ಮಾತ್ರ ಮಡಚಿತು. ಒಬ್ಬರೇ ಕೂತರೆ ಗಂಟೆಗೆ 25 ಪುಸ್ತಕ ಪ್ಯಾಕ್ ಆಗುತ್ತದೆ. ತಂಡದ ಪ್ಯಾಕ್‌ಗಳು ಸೇರಿ ನನ್ನದು 442 ಪ್ರತಿ. ಮನೆಮಂದಿಯ ಎರಡು ಭಾನುವಾರ ಅದಕ್ಕೇ ಹೋಯಿತು.

ಪುಸ್ತಕ ತಲುಪಿದ ಮೂರನೇ ವಾರಕ್ಕೆ ಎಲ್ಲರಿಗೂ ಒಂದು ಪತ್ರ ಬರೆಯಿರಿ. ಆನ್‌ಲೈನ್ ಅಂಗಡಿಗಳಲ್ಲಿ ಪುಸ್ತಕ ಸಿಗುವ ಹೊತ್ತಿಗೆ ಅವರ ವಿಮರ್ಶೆ ಅಲ್ಲಿರಲಿ ಅಂತ ಕೇಳಿ, ತಪ್ಪುಗಳನ್ನು ಕಳಿಸಿ ಅಂತಲೂ ಕೇಳಿ. ಪ್ರಕಾಶಕರ ಹತ್ತಿರ ಹೋಗುವ ಮನಸ್ಸಿದ್ದರೆ ಈಗ ನಿಮ್ಮ ಕೈಯಲ್ಲಿ ಅಂಕಿಗಳಿವೆ. ಎಷ್ಟು ಅಪರಿಚಿತರು, ಎಷ್ಟು ಸಂಸ್ಥೆಗಳು, ಯಾವ ಅಧ್ಯಾಯದಿಂದ ಬಂದರು, ಎಲ್ಲವನ್ನೂ ಒಂದು ಪುಟದಲ್ಲಿ ಹಾಕಿ ತೋರಿಸಿ.

ನನಗೆ ಬಂದ ತಿದ್ದುಪಡಿಗಳಲ್ಲಿ ಒಂದು ಫೋಟೋ ಇತ್ತು. ಲಿಫ್ಟ್ ರಿಪೇರಿಯ ಆ ಮೇಡಂ ತಮ್ಮವರಿಗೆಂದು ಹತ್ತು ಪ್ರತಿಯ ಪ್ಯಾಕ್ ತರಿಸಿಕೊಂಡಿದ್ದರು. ಹನ್ನೆರಡನೇ ಪುಟದಲ್ಲಿ ನಾನು ಕೊಟ್ಟಿದ್ದ ಮಾದರಿ ಪತ್ರದ ಮೊದಲ ಸಾಲನ್ನು ನೀಲಿ ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ ತಮ್ಮ ಕೈಯಲ್ಲೇ ಬರೆದಿದ್ದರು: "ನಮಸ್ಕಾರ. ನಿಮ್ಮ ಲಿಫ್ಟ್ ಈಗ ಸರಿಯಾಗಿ ಓಡುತ್ತಿದೆ ಅಂದುಕೊಂಡಿದ್ದೇನೆ. ಅದರ ಬಿಲ್ ಇನ್ನೂ ಬಾಕಿ ಇದೆ, ಯಾವ ದಿನ ಕೊಡುತ್ತೀರಿ ತಿಳಿಸಿ." ನನ್ನ ಸಾಲಿಗಿಂತ ಅದು ಚೆನ್ನಾಗಿತ್ತು. ಎರಡನೇ ಮುದ್ರಣದಲ್ಲಿ, ಅವರನ್ನು ಕೇಳಿಕೊಂಡು, ಹನ್ನೆರಡನೇ ಪುಟಕ್ಕೆ ಅದನ್ನೇ ಹಾಕಿದೆ.